ಮೊಲದ ಅಪೆಂಡಿಕ್ಸ್ ಮತ್ತು ನಾನು ನಂಬಿದ ಕಂದುಬಣ್ಣ

ಮೊಲದ ದುಗ್ಧರಸ ಅಂಗಗಳಲ್ಲಿ, ಅಂದರೆ ರೋಗನಿರೋಧಕ ಕೋಶಗಳ ನೆಲೆಗಳಲ್ಲಿ, ಟಿ ಕೋಶಗಳು ಎಲ್ಲಿವೆ, ಬಿ ಕೋಶಗಳು ಎಲ್ಲಿವೆ ಎಂದು ಬಣ್ಣ ಹಾಕಿ ಗುರುತಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರೂಢಿಯಂತೆ ಗುಲ್ಮದಿಂದ (ಸ್ಪ್ಲೀನ್) ಆರಂಭಿಸಿದೆ. ಮೊಲದ ಗುಲ್ಮ ದೇಹದ ಗಾತ್ರಕ್ಕೆ ಹೋಲಿಸಿದರೆ ತೀರಾ ಚಿಕ್ಕದು. ಈ ಪ್ರಾಣಿಯ ನಿಜವಾದ ಬಂಡವಾಳವಿರುವುದು ಕರುಳಿನಲ್ಲಿ: ದುಗ್ಧರಸ ಅಂಗಾಂಶದ ಅರ್ಧಕ್ಕೂ ಹೆಚ್ಚು ಪಾಲು ಅಲ್ಲೇ ಇದೆ. ಸಣ್ಣ ಕರುಳು ಸೀಕಮ್ (ದೊಡ್ಡ ಕರುಳಿನ ಆರಂಭದ ಚೀಲ) ಸೇರುವಲ್ಲಿ ದುಂಡನೆಯ ಚೀಲ, ಅಂದರೆ ಸ್ಯಾಕ್ಯುಲಸ್ ರೋಟಂಡಸ್. ಸೀಕಮ್‌ನ ತುದಿಯಲ್ಲಿ 10 ಸೆಂ.ಮೀ. ಆಸುಪಾಸಿನ, ದಪ್ಪ ಗೋಡೆಯ ಅಪೆಂಡಿಕ್ಸ್. ಮನುಷ್ಯರ ಅಪೆಂಡಿಕ್ಸನ್ನು ನೆನಪಿಟ್ಟುಕೊಂಡು ಹೊಟ್ಟೆ ತೆರೆದವರಿಗೆ ಇದು ಅಪೆಂಡಿಕ್ಸ್ ಎಂದೇ ಅನ್ನಿಸುವುದಿಲ್ಲ.

ಮೊದಲ ಅಪೆಂಡಿಕ್ಸನ್ನು ಇಡಿಯಾಗಿ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್‌ಗೆ ಹಾಕಿ ಕೆಡಿಸಿದೆ. ದ್ರವ ಒಳಕ್ಕೆ ಇಳಿಯುವ ಹೊತ್ತಿಗೆ ಒಳಪದರ ಕರಗಿಹೋಗಿತ್ತು. ಆಮೇಲೆ ಸಿರಿಂಜಿನಿಂದ ಲವಣದ್ರಾವಣವನ್ನು ಮೆಲ್ಲಗೆ ಹಾಯಿಸಿ, ಮೂರ್ನಾಲ್ಕು ಮಿ.ಮೀ. ದಪ್ಪದ ಬಳೆಗಳಾಗಿ ಕೊಯ್ದು ಹಾಕತೊಡಗಿದೆ. ಉಜ್ಜಿ ತೊಳೆಯುವಂತಿಲ್ಲ; ಗುಮ್ಮಟದಂತೆ ಉಬ್ಬಿರುವ ಮೇಲ್ಪದರ ಕಿತ್ತುಬರುತ್ತದೆ.

ಹೆಮಟಾಕ್ಸಿಲಿನ್-ಇಯೋಸಿನ್ ಎಂಬ ನೀಲಿ-ಗುಲಾಬಿ ಬಣ್ಣಗಳನ್ನು ಹಾಕಿದ ಬಳೆಯನ್ನು ಸೂಕ್ಷ್ಮದರ್ಶಕದ ಕಡಿಮೆ ಹಿಗ್ಗುವಿಕೆಯಲ್ಲಿ ನೋಡುವುದೇ ಒಂದು ಸುಖ. ಕೋಶಕೂಟಗಳು ಸುತ್ತಲೂ ಒತ್ತೊತ್ತಾಗಿ, ಬಾಯಿ ಒಳಮುಖ ಮಾಡಿ ನಿಂತ ಮೊಗ್ಗುಗಳಂತಿರುತ್ತವೆ. ಹಿಗ್ಗಿಸಿದರೆ, ನೀಲಿ ಲಿಂಫೋಸೈಟುಗಳ (ಟಿ, ಬಿ ಕೋಶಗಳ) ದಟ್ಟಣೆಯ ನಡುವೆ ತಿಳಿಬಣ್ಣದ ದೊಡ್ಡ ಕೋಶಗಳು. ಅವುಗಳ ಹೊಟ್ಟೆಯೊಳಗೆ ಕಪ್ಪು ಚೂರುಗಳು. ಅವು ಸತ್ತ ಬಿ ಕೋಶಗಳನ್ನು ನುಂಗಿದ ಮ್ಯಾಕ್ರೊಫೇಜುಗಳು. ಮರಿ ಮೊಲದಲ್ಲಿ ಬಿ ಕೋಶಗಳು ತಮ್ಮ ಪ್ರತಿಕಾಯದ (ಗುರಿ ಹುಡುಕಿ ಅಂಟುವ ಪ್ರೋಟೀನಿನ) ಜೀನನ್ನು ತಿದ್ದಿಕೊಳ್ಳುವುದು ಇಲ್ಲಿ. ನೆರೆಯ ಜೀನುಗಳಿಂದ ತುಣುಕುಗಳನ್ನು ನಕಲು ಮಾಡಿಕೊಂಡು ವೈವಿಧ್ಯ ಗಳಿಸುತ್ತವೆ. ಅದಕ್ಕೆ ಕರುಳಿನ ಬ್ಯಾಕ್ಟೀರಿಯಾಗಳ ಒತ್ತಾಸೆಯೂ ಬೇಕು. ಅವು ತಲುಪದ ಅಪೆಂಡಿಕ್ಸ್ ಸರಿಯಾಗಿ ಬೆಳೆಯುವುದೇ ಇಲ್ಲ. ಈ ತಿದ್ದುಪಡಿಯ ಭರದಲ್ಲಿ ಸಾಯುವ ಕೋಶಗಳಿಗೆ ಲೆಕ್ಕವಿಲ್ಲ.

ಎಡವಿದ್ದು ಮುಂದಿನ ಹಂತದಲ್ಲಿ. ಟಿ ಕೋಶ ಗುರುತಿಸಲು, ಆ ಕೋಶಗಳ ಸಿಡಿ3 ಪ್ರೋಟೀನಿಗೆ ಅಂಟುವ, ಕಪಾಟಿನಲ್ಲಿದ್ದ ಸಿಡಿ3 ಪ್ರತಿಕಾಯವನ್ನು ಹಾಕಿದೆ. ಅದು ಅಂಟಿದ ಜಾಗಕ್ಕೆ ಕಂದುಬಣ್ಣ ತರುವುದು ಅದನ್ನು ಹುಡುಕಿ ಅಂಟುವ ಎರಡನೆಯ ಪ್ರತಿಕಾಯ. ಅದೆಂಥ ಕಂದುಬಣ್ಣ! ಕೋಶಕೂಟದ ನಡುಭಾಗ, ಒಳಪದರದ ಕೋಶಗಳು, ರಕ್ತನಾಳದೊಳಗಿನ ದ್ರವ, ಎಲ್ಲವೂ ಮಿಂಚುತ್ತಿದ್ದವು. ಖುಷಿಯಿಂದ ಮೇಡಂಗೆ ತೋರಿಸಿದೆ.

"ಪ್ರತಿಕಾಯ ಯಾವ ಪ್ರಾಣಿಯದು?" ಎಂದರು.

"ಮೊಲದ್ದು, ಮೇಡಂ."

"ಅಂಗಾಂಶ?"

ನಾನು ಉತ್ತರಿಸಲಿಲ್ಲ. ಎರಡನೆಯ ಪ್ರತಿಕಾಯಕ್ಕೆ ಗೊತ್ತಿರುವುದು ಒಂದೇ ಕೆಲಸ: ಮೊಲದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಮೊಲದ ಪ್ರತಿಕಾಯ, ಕಂಡಲ್ಲೆಲ್ಲ ಅಂಟುವುದು. ಮೊಲದ ಕರುಳಿನಲ್ಲಿ ಅದಕ್ಕೇನು ಬರವೇ? ಪ್ಲಾಸ್ಮಾ ಕೋಶಗಳು ಅದನ್ನೇ ತಯಾರಿಸಿಕೊಂಡು ಕೂತಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಆ ಸ್ಲೈಡಿನಲ್ಲಿ ಕಂದಾಗಿದ್ದುದೆಲ್ಲ ಟಿ ಕೋಶವಾಗಿರಲಿಲ್ಲ. ಮೊದಲ ಪ್ರತಿಕಾಯವನ್ನು ಬಿಟ್ಟು ಒಂದು ಸ್ಲೈಡ್ ಮಾಡಿದ್ದರೆ ಅದೇ ದಿನ ತಿಳಿಯುತ್ತಿತ್ತು. ಹತ್ತು ನಿಮಿಷ ಉಳಿಸಲು ಹೋಗಿ ಎರಡು ವಾರ ಕಳೆದುಕೊಂಡೆ.

ಬಳಿಕ ಬೇರೆ ಪ್ರಾಣಿಗಳಲ್ಲಿ ತಯಾರಾದ ಪ್ರತಿಕಾಯಗಳನ್ನು ಹುಡುಕಿದೆ. ಟಿ ಕೋಶಕ್ಕೆ ಇಲಿಯಲ್ಲಿ ತಯಾರಾದ ಸಿಡಿ3-12 ಕ್ಲೋನ್, ಬಿ ಕೋಶಕ್ಕೆ ಸುಂಡಿಲಿಯ ಎಚ್‌ಎಂ57, ಮ್ಯಾಕ್ರೊಫೇಜಿಗೆ ಸುಂಡಿಲಿಯದೇ ಆದ ಆರ್‌ಎಎಂ11. ಎರಡನೆಯ ಪ್ರತಿಕಾಯವನ್ನು ಕೊಳ್ಳುವಾಗಲೂ ಅದು ಮೊಲದ ಇಮ್ಯುನೊಗ್ಲಾಬ್ಯುಲಿನ್‌ಗೆ ಅಂಟದಂತೆ ಶೋಧಿಸಿದ್ದೇ ಎಂದು ನೋಡಿಕೊಂಡೆ. ಈ ಬಾರಿಯ ಚಿತ್ರ ಅಷ್ಟೇನೂ ಭರ್ಜರಿಯಾಗಿರಲಿಲ್ಲ, ಆದರೆ ಅರ್ಥವಾಗುವಂತಿತ್ತು. ಸಿಡಿ3 ಮುಖ್ಯವಾಗಿ ಕೋಶಕೂಟಗಳ ನಡುವಿನ ಓಣಿಗಳಲ್ಲಿ. ಕೂಟದೊಳಗೆ ಅಲ್ಲೊಂದು ಇಲ್ಲೊಂದು. ಕೂಟದ ಬಹುಪಾಲು ಬಿ ಕೋಶಗಳದ್ದು. ಮಂಡಿಯ ಹಿಂದಿನ ದುಗ್ಧರಸ ಗ್ರಂಥಿಯಲ್ಲಿ ಈ ಎರಡು ಪ್ರದೇಶಗಳು ಇನ್ನೂ ಸ್ಪಷ್ಟ. ಹೊಸಬರು ಅಲ್ಲಿಂದ ಆರಂಭಿಸುವುದು ಲೇಸು.

ಗುಲ್ಮಕ್ಕೆ ಕೊನೆಗೆ ಮರಳಿದಾಗ ಬಣ್ಣ ಇನ್ನೊಮ್ಮೆ ಮೋಸ ಮಾಡಿತು. ಕೆಂಪು ಕಣಗಳಿದ್ದ ಕೋಶಗಳನ್ನೆಲ್ಲ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕೋಶವೆಂದು ಎಣಿಸುತ್ತ ಹೋಗಿದ್ದೆ. ಇನ್ನೊಂದು ಬಗೆಯ ಬಿಳಿ ರಕ್ತಕೋಶವಾದ ಮೊಲದ ನ್ಯೂಟ್ರೊಫಿಲ್‌ನಲ್ಲಿಯೂ ಕಣಗಳು ಕೆಂಪಾಗಿಯೇ ಕಾಣುತ್ತವೆ. ಅದಕ್ಕೇ ಅದನ್ನು ಹೆಟೆರೊಫಿಲ್ ಎನ್ನುವುದು. ಇಯೋಸಿನೋಫಿಲ್‌ನ ಕಣಗಳು ಇನ್ನಷ್ಟು ದಪ್ಪ, ದಟ್ಟ. ಎಣಿಕೆಯ ಮೂರು ಪುಟಗಳಿಗೆ ಅಡ್ಡಗೆರೆ ಎಳೆದು, ಅದೇ ಸ್ಲೈಡುಗಳನ್ನು ಮತ್ತೆ ಮೊದಲಿನಿಂದ ಇಟ್ಟುಕೊಂಡು ಕುಳಿತೆ.