ಭಾನುವಾರ ಎಲ್ಲಿ ಕೆರೆ ಕ್ಲೀನಿಂಗ್? ಟರ್ಮಿನಲ್‌ನಲ್ಲೇ ಹುಡುಕಿ

ಬೆಂಗಳೂರಿನಲ್ಲಿ ವೀಕೆಂಡ್ ಬಂದರೆ ಕೆರೆ ಕ್ಲೀನಿಂಗ್, ಗಿಡ ನೆಡುವುದು, ರಕ್ತದಾನ ಶಿಬಿರ, ಹೀಗೆ ಏನಾದರೂ ಇದ್ದೇ ಇರುತ್ತದೆ. ನಮಗೆ ಗೊತ್ತಾಗುವುದು ಮಾತ್ರ ಸೋಮವಾರ, ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ. ಪೈಥಾನ್ ಸ್ವಲ್ಪ ಬಂದರೆ ಸಾಕು, ಇದಕ್ಕೊಂದು ಸಣ್ಣ ಸ್ಕ್ರೇಪರ್, ಅಂದರೆ ವೆಬ್ ಪುಟಗಳಿಂದ ಮಾಹಿತಿ ಹೆಕ್ಕಿ ತರುವ ಪ್ರೋಗ್ರಾಂ, ಬರೆದುಕೊಳ್ಳಬಹುದು.

ಮೊದಲು ಎರಡು ಮೂರು ಸೈಟ್ ಆರಿಸಿ, ಜಾಸ್ತಿ ಬೇಡ. ಪ್ರತಿಯೊಂದರ ರೋಬಾಟ್ಸ್ ಫೈಲ್ (ಪ್ರೋಗ್ರಾಂಗಳು ಯಾವ ಪುಟಕ್ಕೆ ಬರಬಹುದು ಅಂತ ಸೈಟ್‌ನವರು ಬರೆದಿಡುವ ಫೈಲ್) ಮತ್ತು ನಿಯಮಗಳನ್ನು ಓದಿ, ಬೇಡ ಅಂದಿದ್ದರೆ ಆ ಸೈಟ್ ಬಿಟ್ಟುಬಿಡಿ. ಲಾಗಿನ್ ಕೇಳುವ ಪುಟಗಳ ತಂಟೆಗೂ ಹೋಗಬೇಡಿ.

ಈಗ ಪುಟದ ಸೋರ್ಸ್ ತೆರೆದು 'ಎಲ್‌ಡಿ ಪ್ಲಸ್ ಜೇಸನ್' ಅನ್ನುವ ಸ್ಕ್ರಿಪ್ಟ್ ಟ್ಯಾಗ್ ಇದೆಯಾ ನೋಡಿ. ಸರ್ಚ್ ಎಂಜಿನ್‌ಗಳಿಗಾಗಿ ಕಾರ್ಯಕ್ರಮದ ಹೆಸರು, ಶುರುವಾಗುವ ಸಮಯ, ಜಾಗ ಎಲ್ಲವನ್ನೂ ಅಚ್ಚುಕಟ್ಟಾಗಿ ಅದರಲ್ಲೇ ಬರೆದಿಟ್ಟಿರುತ್ತಾರೆ. ರದ್ದಾಗಿದ್ದರೆ ಅದನ್ನೂ ಹೇಳುವ ಜಾಗವಿದೆ, ಮಳೆಗಾಲದಲ್ಲಿ ಇದನ್ನು ಮರೆಯಬೇಡಿ. ಡಿವ್ (ಪುಟದ ಭಾಗಗಳನ್ನು ಗುರುತಿಸುವ ಎಚ್‌ಟಿಎಂಎಲ್ ಟ್ಯಾಗ್) ಹಿಂದೆ ಡಿವ್ ಹುಡುಕಿಕೊಂಡು ಹೋದರೆ ಸೈಟ್‌ನವರು ಡಿಸೈನ್ ಬದಲಿಸಿದ ದಿನವೇ ನಿಮ್ಮ ಕೋಡ್ ಮಗುಚಿಕೊಳ್ಳುತ್ತದೆ. ಸ್ಕ್ರಿಪ್ಟ್ ಟ್ಯಾಗ್ ಓದುವ ಕೋಡ್ ಅಷ್ಟು ಬೇಗ ಕೆಡುವುದಿಲ್ಲ. ರಿಕ್ವೆಸ್ಟ್ಸ್ ಲೈಬ್ರರಿಯಿಂದ ಪುಟ ತನ್ನಿ, ಎಚ್‌ಟಿಎಂಎಲ್ ಓದುವ ಬ್ಯೂಟಿಫುಲ್ ಸೂಪ್‌ನಿಂದ ಆ ಟ್ಯಾಗ್ ತೆಗೆಯಿರಿ, ಜೇಸನ್ ಲೋಡ್ಸ್‌ಗೆ ಕೊಡಿ, ಮುಗಿಯಿತು. ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಐದು ಸೆಕೆಂಡ್ ಬಿಡಿ. 429 (ವಿನಂತಿಗಳು ಅತಿಯಾದವು ಅನ್ನುವ ಸರ್ವರ್ ಉತ್ತರ) ಬಂದರೆ ಅವತ್ತಿಗೆ ನಿಲ್ಲಿಸಿ.

ನಿಜವಾದ ತಲೆನೋವು ದಿನಾಂಕ ಮತ್ತು ಊರಿನ ಹೆಸರು.

ಕೆಲವು ಸೈಟ್‌ಗಳು ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಇಡುತ್ತವೆ. ಅದನ್ನು ಹಾಗೇ ತೋರಿಸಿದರೆ ಬೆಳಗ್ಗೆ 7ರ ಕೆರೆ ಕೆಲಸ ರಾತ್ರಿ 1:30ಕ್ಕೆ ಅಂತ ಬರುತ್ತದೆ! ಪೈಥಾನ್‌ನ ಟೈಮ್ ಝೋನ್ ಮಾಡ್ಯೂಲ್ ಆದ ಝೋನ್‌ಇನ್ಫೋದಲ್ಲಿ 'ಏಷ್ಯಾ/ಕೋಲ್ಕತಾ' ಕೊಟ್ಟು ಬದಲಿಸಿಕೊಳ್ಳಿ. ಕನ್ನಡ ಸೈಟ್‌ನಲ್ಲಿ ತಾರೀಕು '೨೬' ಅಂತಿದ್ದರೆ ಗಾಬರಿ ಬೇಡ, ಪೈಥಾನ್‌ನ ಇಂಟ್ ಕನ್ನಡ ಅಂಕಿಗಳನ್ನು ನೇರವಾಗಿ ಓದುತ್ತದೆ. ತಿಂಗಳ ಹೆಸರಿಗೆ ಮಾತ್ರ ಒಂದು ಡಿಕ್ಷನರಿ ನೀವೇ ಮಾಡಬೇಕು.

ಊರಿನ ಹೆಸರು ಇನ್ನೂ ಮಜಾ. 'ಕೋರಮಂಗಲ' ಅಂತ ಹುಡುಕುತ್ತೀರಿ, ಪುಟದಲ್ಲಿ ಕಣ್ಣಿಗೆ ಕಾಣುತ್ತಿದೆ, ಕೋಡ್ ಮಾತ್ರ ಇಲ್ಲ ಅನ್ನುತ್ತದೆ. ಯಾಕೆಂದರೆ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಇಡಬಹುದು, ಮೂರು ತುಂಡು ಮಾಡಿಯೂ ಇಡಬಹುದು. ನೋಡಲು ಎರಡೂ ಒಂದೇ. ಹೋಲಿಸುವ ಮುಂಚೆ ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' ಅಂತ ಕೊಟ್ಟು ಹಾಯಿಸಿ, ತುಂಡುಗಳು ಸೇರಿ ಒಂದೇ ರೂಪವಾಗುತ್ತವೆ. ಇಂಗ್ಲಿಷ್ ಸ್ಪೆಲ್ಲಿಂಗ್‌ಗಳನ್ನೂ ಪಟ್ಟಿಗೆ ಸೇರಿಸಿ, ಬೆಂಗಳೂರಿಗೇ ಎರಡಿದೆ ಅಲ್ವಾ?

ಕಮಾಂಡ್ ಜೊತೆ ಕೊಡುವ ಆಯ್ಕೆಗಳನ್ನು ಓದುವ ಆರ್ಗ್‌ಪಾರ್ಸ್‌ನಲ್ಲಿ ಎರಡೇ ಆಯ್ಕೆ ಇಟ್ಟರೆ ಸಾಕು, ಏರಿಯಾ ಮತ್ತು ಎಷ್ಟು ದಿನದೊಳಗೆ. ಔಟ್‌ಪುಟ್‌ನಲ್ಲಿ ಒಂದು ಸಾಲಿಗೆ ಒಂದು ಕಾರ್ಯಕ್ರಮ: ದಿನ, ಸಮಯ, ಜಾಗ, ಕೊನೆಗೆ ಲಿಂಕ್. ಆಯೋಜಕರ ಫೋನ್ ನಂಬರ್ ಕೂಡಿಡಬೇಡಿ, ಬೇಕಾದವರು ಲಿಂಕ್‌ನಲ್ಲಿ ನೋಡಿಕೊಳ್ಳುತ್ತಾರೆ.

ನೋಡಿದ್ದನ್ನೇ ಮತ್ತೆ ತೋರಿಸದಿರಲು ಒಂದೇ ಫೈಲಿನ ಸಣ್ಣ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಬಳಸಿ. ಕೀ ಆಗಿ (ಒಂದೊಂದು ಕಾರ್ಯಕ್ರಮವನ್ನು ಗುರುತಿಸಲು) ಬರೀ ಲಿಂಕ್ ಇಟ್ಟರೆ ಕಾರ್ಯಕ್ರಮ ಮುಂದಕ್ಕೆ ಹೋದಾಗ ನಿಮಗೆ ತಿಳಿಯುವುದೇ ಇಲ್ಲ, ಹಾಗಾಗಿ ಲಿಂಕ್ ಮತ್ತು ದಿನಾಂಕ ಎರಡನ್ನೂ ಸೇರಿಸಿ.

ಕೊನೆಗೆ ಕ್ರಾನ್, ಅಂದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ನಿಗದಿತ ಹೊತ್ತಿಗೆ ಪ್ರೋಗ್ರಾಂ ತಾನೇ ಓಡಿಸುವ ಸೌಲಭ್ಯ. '0 18 * * 5' ಅಂದರೆ ಪ್ರತಿ ಶುಕ್ರವಾರ ಸಂಜೆ 6ಕ್ಕೆ. ಪೈಥಾನ್‌ಗೂ ಸ್ಕ್ರಿಪ್ಟ್‌ಗೂ ಪೂರ್ತಿ ಪಾಥ್ ಬರೆಯಿರಿ, ಔಟ್‌ಪುಟ್ ಒಂದು ಫೈಲಿಗೆ ಹೋಗಲಿ. ಲ್ಯಾಪ್‌ಟಾಪ್ ಆ ಹೊತ್ತಿಗೆ ಸ್ಲೀಪ್‌ನಲ್ಲಿದ್ದರೆ ಕ್ರಾನ್ ಆ ವಾರ ಸುಮ್ನೆ ಬಿಟ್ಟುಬಿಡುತ್ತದೆ, ಆಗ ನೀವೇ ಒಂದು ಸಲ ಓಡಿಸಿ.