ಮನೆಶಿಕ್ಷಣ: ನಮ್ಮ ಅಳುಕು ಕರಗಿದ ಬಗೆ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ಕಲಿಸುವ ಯೋಚನೆ ಬಂದಾಗ, ನೆಂಟರಿಷ್ಟರ ಆಕ್ಷೇಪಕ್ಕಿಂತ ನಮ್ಮಿಬ್ಬರೊಳಗಿನ ಅಳುಕೇ ದೊಡ್ಡದಾಗಿತ್ತು. ಅದು "ಮುಂದೆ ಇವಳ ಗತಿಯೇನು?" ಎಂಬ ಒಂದೇ ಪ್ರಶ್ನೆಯಾಗಿ ಕಾಡುತ್ತಿದ್ದುದರಿಂದ ಉತ್ತರ ಹುಡುಕುವುದೂ ಸಾಧ್ಯವಾಗುತ್ತಿರಲಿಲ್ಲ. ಕಾನೂನು, ಪರೀಕ್ಷೆ, ಪಾಠ ಹೇಳುವ ನಮ್ಮ ಶಕ್ತಿ, ಸಮಯ, ಮಗುವಿನ ಒಡನಾಟ ಎಂದು ಅದನ್ನು ಬಿಡಿಸಿ ಬರೆದುಕೊಂಡ ಮೇಲಷ್ಟೇ, ಯಾವುದನ್ನು ವಿಚಾರಿಸಿ ತಿಳಿಯಬೇಕು, ಯಾವುದನ್ನು ಮಾಡಿಯೇ ನೋಡಬೇಕು ಎಂಬುದು ಸ್ಪಷ್ಟವಾಯಿತು.

ಮೊದಲೆರಡು ವಿಚಾರಿಸಿ ತಿಳಿಯುವಂಥವು. ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಮನೆಶಿಕ್ಷಣಕ್ಕೆ ಅವಕಾಶವಿದೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಆದ್ದರಿಂದ ಅವರಿವರ ಮಾತು ನಂಬದೆ, ನಾವಿರುವ ಕಡೆಯ ಕಾಯ್ದೆಯನ್ನೂ ಪರೀಕ್ಷೆಗೆ ನೋಂದಾಯಿಸಿಕೊಳ್ಳುವ ನಿಯಮಗಳನ್ನೂ ಸ್ವತಃ ಓದಿಕೊಂಡೆವು.

ಪಾಠ ಹೇಳುವ ಶಕ್ತಿಯ ಬಗೆಗಿನ ಸಂದೇಹ ಮಾತ್ರ ಓದಿನಿಂದ ಹೋಗಲಿಲ್ಲ. ಅದು ಹೋದದ್ದು ಭಿನ್ನರಾಶಿಯ ಪಾಠದಲ್ಲಿ. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದೆಂದು ಮಗಳು ಹೇಳಿದಳು. ನಾನು ನಿಯಮ ಹೇಳಲಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಮೂರು ಸಮಭಾಗವಾಗಿ, ಇನ್ನೊಂದನ್ನು ನಾಲ್ಕಾಗಿ ಮಡಿಸಲು ಹೇಳಿದೆ. ಮೂರಾಗಿ ಮಡಿಸುವುದು ಅವಳಿಗೆ ಕಷ್ಟವಾಯಿತು, ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ಎರಡೂ ತುಂಡುಗಳನ್ನು ಒಂದರ ಮೇಲೊಂದಿಟ್ಟು, "ಹೆಚ್ಚು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಕಡಿಮೆ ಸಿಗುತ್ತದೆ, ಅಲ್ಲವೇನಮ್ಮಾ?" ಎಂದಳು. ಗಣಿತದ ಪದವಿಗಿಂತ, ಮಗು ಎಲ್ಲಿ ಎಡವುತ್ತಿದೆಯೆಂದು ಪಕ್ಕದಲ್ಲಿ ಕುಳಿತು ಗಮನಿಸುವ ತಾಳ್ಮೆಯೇ ಈ ಹಂತದಲ್ಲಿ ಮುಖ್ಯವೆಂದು ನನಗೆ ಆಗ ಮನವರಿಕೆಯಾಯಿತು. ನನಗೆ ಬಾರದ ವಿಷಯಗಳಿಗೆ ಬಲ್ಲವರನ್ನು ಕೇಳಿಕೊಳ್ಳುತ್ತೇವೆ.

ಶಾಲೆಯಷ್ಟೇ ಹೊತ್ತು ಕೂರಿಸಬೇಕೆಂಬ ಆತಂಕವೂ ಹೀಗೆಯೇ ಇಳಿಯಿತು. ಒಬ್ಬರಿಗೊಬ್ಬರಂತೆ ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ತರಗತಿಯಲ್ಲಿ ಕಲಿತವರ ಪೈಕಿ ಶೇ. 98ರಷ್ಟು ಮಂದಿಯನ್ನು ಮೀರಿಸಿದ್ದನೆಂದು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು. ನಂತರದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಅಷ್ಟು ದೊಡ್ಡ ಅಂತರ ಕಂಡುಬಂದಿಲ್ಲ, ಅದನ್ನೂ ಹೇಳಬೇಕು. ಆದರೆ ಹಾಜರಿ, ಸರದಿ, ಕಾಯುವಿಕೆ ಇಲ್ಲದ ಕಡೆ ಬೆಳಗಿನ ಕೆಲವೇ ಗಂಟೆಗಳಲ್ಲಿ ಪಾಠ ಮುಗಿಯುವುದು ನಮ್ಮ ಕಣ್ಣೆದುರಿನ ಸತ್ಯ.

ಒಡನಾಟದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು, ಮತ್ತು ಅದು ತಾನಾಗಿ ಬಗೆಹರಿಯುವುದಿಲ್ಲವೆಂದೇ ನನ್ನ ಅಭಿಪ್ರಾಯ. ಶಾಲೆಯಲ್ಲಿ ಗೆಳೆಯರು ತಾವಾಗಿಯೇ ದೊರೆಯುತ್ತಾರೆ. ಇಲ್ಲಿ ತಂದೆತಾಯಿಯರು ಅದಕ್ಕಾಗಿ ದುಡಿಯಬೇಕು. ಆಟ, ಸಂಗೀತ, ಗ್ರಂಥಾಲಯ ಎಂದು ಅದೇ ಮಕ್ಕಳನ್ನು ಮತ್ತೆ ಮತ್ತೆ ಕಾಣುವ ಏರ್ಪಾಡನ್ನು ನಾವು ಪಾಠದಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ, ಏಕೆಂದರೆ ಒಂದೆರಡು ಭೇಟಿಗಳಿಂದ ಸ್ನೇಹ ಕುದುರುವುದಿಲ್ಲ.

ನನ್ನ ಪತಿಗೆ ಭರವಸೆಯ ಮಾತುಗಳಿಗಿಂತ ಪುರಾವೆ ಬೇಕಿತ್ತು. ಅದಕ್ಕಾಗಿ ಪ್ರತಿ ವಾರ ಅವಳು ಓದಿದ್ದು, ಕೇಳಿದ ಪ್ರಶ್ನೆ, ತಿಳಿಯದೇ ಉಳಿದದ್ದು ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅವಳ ಕೈಬರಹದ ಒಂದು ಹಾಳೆಯನ್ನು ದಿನಾಂಕದೊಂದಿಗೆ ಸೇರಿಸಿಡುತ್ತೇನೆ. ಹಳೆಯ ಹಾಳೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಅವರ ಪ್ರಶ್ನೆಗಳು "ಕಲಿಯುತ್ತಿದ್ದಾಳೆಯೇ" ಎಂಬುದರಿಂದ "ಮುಂದೇನು ಕಲಿಸೋಣ" ಎಂಬುದಕ್ಕೆ ತಿರುಗಿದವು. ವರ್ಷಕ್ಕೊಮ್ಮೆ ಮೂವರೂ ಕುಳಿತು ಇದನ್ನು ಮುಂದುವರಿಸಬೇಕೇ ಎಂದು ತೀರ್ಮಾನಿಸುತ್ತೇವೆ. ಶಾಲೆಗೆ ಮರಳುತ್ತೇನೆಂದು ಅವಳು ಹೇಳಿದರೆ ಪ್ರವೇಶಕ್ಕೆ ಬೇಕಾಗುವ ದಾಖಲೆಗಳನ್ನು ಸಿದ್ಧವಾಗಿಯೇ ಇಟ್ಟಿದ್ದೇವೆ.