ಟೋಕನ್ ರಿಂಗ್ ಜೋಡಿಸುವುದು, ಕೆಟ್ಟರೆ ಪತ್ತೆ ಹಚ್ಚುವುದು

ಟೋಕನ್ ರಿಂಗ್ ಎಂಬುದು ಕಂಪ್ಯೂಟರುಗಳನ್ನು ಕೇಬಲಿನಿಂದ ಜೋಡಿಸುವ ಹಳೆಯ ಬಗೆಯ ಜಾಲ. ಆ ಹೆಸರು ಕೇಳಿದಕೂಡಲೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದುಂಡಗೆ ಕೇಬಲ್ ಎಳೆಯಬೇಕು ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಪ್ರತಿ ಕಂಪ್ಯೂಟರಿನಿಂದ ಒಂದೊಂದು ಕೇಬಲ್ ಎಂಎಯು ಎಂಬ ಪೆಟ್ಟಿಗೆಗೆ ಬರುತ್ತದೆ. ಉಂಗುರ ಇರುವುದು ಆ ಪೆಟ್ಟಿಗೆಯೊಳಗೆ. ಐಬಿಎಂ 1985ರಲ್ಲಿ ತಂದ ರಿಂಗಿನ ವೇಗ 4 ಎಂಬಿಪಿಎಸ್ (ಸೆಕೆಂಡಿಗೆ 40 ಲಕ್ಷ ಬಿಟ್); 16 ಎಂಬಿಪಿಎಸ್ ಆಮೇಲೆ ಬಂತು. ಹಳೆಯ ಐಬಿಎಂ 8228 ಎಂಎಯು ಸಿಕ್ಕಿದ್ದರೆ ಹೀಗೆ ಶುರುಮಾಡಿ.

8228ಕ್ಕೆ ಕರೆಂಟು ಬೇಡ. ಅದರಲ್ಲಿ ಎಂಟು ಪೋರ್ಟ್, ಎರಡು ತುದಿಗಳಲ್ಲಿ ಇನ್ನೊಂದು ಎಂಎಯು ಜೋಡಿಸಲು ಆರ್‌ಐ (ರಿಂಗ್ ಇನ್) ಮತ್ತು ಆರ್‌ಒ (ರಿಂಗ್ ಔಟ್). ಪ್ರತಿ ಪೋರ್ಟಿನ ಹಿಂದೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ ಇದೆ; ಅದು ತೆರೆದರೆ ಕಂಪ್ಯೂಟರ್ ಉಂಗುರಕ್ಕೆ ಸೇರುತ್ತದೆ, ಮುಚ್ಚಿದರೆ ಉಂಗುರ ಆ ಪೋರ್ಟನ್ನು ಬಿಟ್ಟು ಮುಂದೆ ಹೋಗುತ್ತದೆ. ಸಾಗಿಸುವಾಗ ಪೆಟ್ಟಿಗೆ ಅಲುಗಿ ರಿಲೇ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಆದ್ದರಿಂದ ಕೇಬಲ್ ಹಾಕುವ ಮೊದಲು, ಜೊತೆಗೆ ಬರುವ ಸೆಟಪ್ ಏಡ್ ಎಂಬ ಚಿಕ್ಕ ಸಾಧನವನ್ನು ಎಂಟೂ ಪೋರ್ಟಿಗೆ ಒಂದೊಂದಾಗಿ ಚುಚ್ಚಿ ರಿಲೇ ಮುಚ್ಚಿಸಿ. ಇದನ್ನು ಬಿಟ್ಟವರು ಆಮೇಲೆ ಕಾರಣವೇ ತಿಳಿಯದೆ ದಿನಗಟ್ಟಲೆ ಪರದಾಡುತ್ತಾರೆ. ಪೆಟ್ಟಿಗೆ ಒಂದೇ ಆದರೆ ಆರ್‌ಐ, ಆರ್‌ಒ ಖಾಲಿ ಬಿಡಿ. ಎರಡು ಇದ್ದರೆ ಮೊದಲನೆಯದರ ಆರ್‌ಒ ಎರಡನೆಯದರ ಆರ್‌ಐಗೆ, ಎರಡನೆಯದರ ಆರ್‌ಒ ಮೊದಲನೆಯದರ ಆರ್‌ಐಗೆ.

ಕಂಪ್ಯೂಟರುಗಳಲ್ಲಿರುವ ಎಲ್ಲ ಟೋಕನ್ ರಿಂಗ್ ಕಾರ್ಡುಗಳ ವೇಗ ಒಂದೇ ಇರಲಿ. 4ರ ರಿಂಗಿಗೆ 16ಕ್ಕೆ ಇಟ್ಟ ಕಾರ್ಡ್ ಒಂದು ಸೇರಿದರೂ ಇಡೀ ರಿಂಗ್ ನಿಲ್ಲಬಹುದು. ಲಿನಕ್ಸ್ ಬಳಸುವವರು 3.4 ಅಥವಾ ಅದಕ್ಕೂ ಹಿಂದಿನ ಕರ್ನೆಲ್ ಹುಡುಕಿಕೊಳ್ಳಿ, 2012ರ 3.5ರಲ್ಲಿ ಟೋಕನ್ ರಿಂಗ್ ಬೆಂಬಲವನ್ನೇ ತೆಗೆದರು.

ಕಾರ್ಡ್ ಚಾಲೂ ಆದಾಗ ಮೊದಲು ತನ್ನ ಕೇಬಲ್ ಪರೀಕ್ಷಿಸಿಕೊಳ್ಳುತ್ತದೆ. ಸರಿಯಿದ್ದರೆ ಅದೇ ತಂತಿಯ ಮೇಲೆ ಸುಮಾರು 5 ವೋಲ್ಟ್ ಡಿಸಿ ಕೊಡುತ್ತದೆ. ಎಂಎಯು ಒಳಗೆ ರಿಲೇ ‘ಟಕ್’ ಎನ್ನುತ್ತದೆ, ಕಂಪ್ಯೂಟರ್ ಉಂಗುರದೊಳಗೆ ಬಂತು. ಆಫ್ ಮಾಡಿದರೆ ವೋಲ್ಟೇಜ್ ಹೋಗಿ ರಿಲೇ ಮುಚ್ಚಿಕೊಳ್ಳುತ್ತದೆ, ಉಳಿದವರ ಕೆಲಸ ನಿಲ್ಲುವುದಿಲ್ಲ.

ಟೋಕನ್ ಅಂದರೆ ಡೇಟಾ ಕಳಿಸಲು ಅನುಮತಿ ಕೊಡುತ್ತಾ ಉಂಗುರದಲ್ಲಿ ಸುತ್ತುವ ಸಂಕೇತ, ಬರೀ 3 ಬೈಟ್, 24 ಬಿಟ್. ಕಳಿಸಲು ಏನಾದರೂ ಇರುವ ಸ್ಟೇಷನ್ (ರಿಂಗಿನಲ್ಲಿರುವ ಕಂಪ್ಯೂಟರ್) ಅದರ ನಡುವಿನ ಬೈಟಿನಲ್ಲಿ ಒಂದು ಬಿಟ್ಟನ್ನು 0ಯಿಂದ 1 ಮಾಡಿ, ತನ್ನ ಡೇಟಾ ಹಿಂದೆಯೇ ಸೇರಿಸುತ್ತದೆ. ಹೀಗೆ ಆದ ಡೇಟಾದ ಕಟ್ಟು, ಅಂದರೆ ಫ್ರೇಮ್, ಇಡೀ ಸುತ್ತು ಹಾಕಿ ಕಳಿಸಿದವರ ಬಳಿಗೇ ಮರಳುತ್ತದೆ, ಅವರೇ ಅದನ್ನು ತೆಗೆದು ಹೊಸ ಟೋಕನ್ ಬಿಡಬೇಕು. 16ರ ರಿಂಗಿನಲ್ಲಿ ಫ್ರೇಮ್ ಮರಳುವವರೆಗೆ ಕಾಯದೆ ಟೋಕನ್ ಬಿಡುವ ಅನುಕೂಲವೂ ಇದೆ. ಮರಳಿದ ಫ್ರೇಮಿನ ಕೊನೆಯ ಬೈಟ್ ನೋಡಿ: ಎ (ವಿಳಾಸ ಗುರುತಿಸಲಾಯಿತು), ಸಿ (ನಕಲು ಮಾಡಲಾಯಿತು) ಎಂಬ ಬಿಟ್ಟುಗಳು ಎರಡೂ 0 ಇದ್ದರೆ ಆ ವಿಳಾಸದವರು ರಿಂಗಿನಲ್ಲೇ ಇಲ್ಲ, ಎ 1, ಸಿ 0 ಇದ್ದರೆ ಇದ್ದಾರೆ, ಆದರೆ ನಕಲು ಮಾಡಿಕೊಳ್ಳಲಿಲ್ಲ, ಬಹುಶಃ ಬಫರಿನಲ್ಲಿ ಜಾಗವಿರಲಿಲ್ಲ.

ಇಲ್ಲೊಂದು ಲೆಕ್ಕ. 4 ಎಂಬಿಪಿಎಸ್‌ನಲ್ಲಿ ಒಂದು ಬಿಟ್ ಕೇಬಲಿನ ಮೇಲೆ ಸುಮಾರು 50 ಮೀಟರ್ ಉದ್ದ ಹಿಡಿಯುತ್ತದೆ. 24 ಬಿಟ್‌ಗೆ 1200 ಮೀಟರ್! ಮೂರು ಕಂಪ್ಯೂಟರಿನ ರಿಂಗಿನಲ್ಲಿ ಟೋಕನ್ನಿನ ಬಾಲ ಹೊರಡುವ ಮೊದಲೇ ತಲೆ ಮರಳಿ ಬಂದಿರುತ್ತದೆ. ಅದಕ್ಕೇ ಆಕ್ಟಿವ್ ಮಾನಿಟರ್, ಅಂದರೆ ರಿಂಗಿನ ಮೇಲ್ವಿಚಾರಕ ಆದ ಸ್ಟೇಷನ್ 24 ಬಿಟ್‌ನ ಬಫರನ್ನು ಉಂಗುರಕ್ಕೆ ಸೇರಿಸುತ್ತದೆ. ಗಡಿಯಾರ ಕೊಡುವುದೂ ಅದೇ. 7 ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಕಳಿಸಿದವರು ಕೆಟ್ಟುಹೋಗಿ ಸುಮ್ಮನೆ ಸುತ್ತುತ್ತಿರುವ ಫ್ರೇಮನ್ನು ಎರಡನೇ ಸುತ್ತಿನಲ್ಲಿ ಗುರುತಿಸಿ, ರಿಂಗ್ ಖಾಲಿ ಮಾಡಿ ಹೊಸ ಟೋಕನ್ ಬಿಡುತ್ತದೆ. ಆ ಮಾನಿಟರೇ ಸತ್ತರೆ ಉಳಿದವರಲ್ಲಿ ಪೈಪೋಟಿ ನಡೆದು, ದೊಡ್ಡ ವಿಳಾಸದವರು ಗೆಲ್ಲುತ್ತಾರೆ.

ಇನ್ನು ರಿಂಗ್ ಕುಸಿದಾಗ. ಸಿಗ್ನಲ್ ಬರುವುದು ನಿಂತ ಸ್ಟೇಷನ್ ಬೀಕನ್ ಎಂಬ ಅಪಾಯದ ಸೂಚನೆ ಕಳಿಸುತ್ತದೆ, ಅದರಲ್ಲಿ ತನಗೆ ಸಿಗ್ನಲ್ ಕೊಡುವ ನೆರೆಯ ಸ್ಟೇಷನ್ನಿನ ವಿಳಾಸ ಇರುತ್ತದೆ. ಇದಕ್ಕಿಂತ ಸ್ಪಷ್ಟ ಸುಳಿವು ಬೇಕಿಲ್ಲ: ದೋಷ ಆ ಇಬ್ಬರಲ್ಲಿ ಒಬ್ಬರದು, ಇಲ್ಲವೇ ನಡುವಿನ ದಾರಿಯದು. ಯಾವ ವಿಳಾಸ ಯಾವ ಮೇಜಿನ ಮೇಲಿದೆ, ಯಾವ ಪೋರ್ಟಿಗೆ ಬಂದಿದೆ ಎಂದು ಮೊದಲೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಬೀಕನ್ ಸಿಕ್ಕರೂ ಪ್ರಯೋಜನವಿಲ್ಲ. ಇಬ್ಬರ ಕೇಬಲನ್ನೂ ಎಂಎಯುನಿಂದ ಒಂದಾದ ಮೇಲೊಂದು ಕಿತ್ತು ನೋಡಿ. ಆಗಲೂ ಬೀಕನ್ ನಿಲ್ಲದಿದ್ದರೆ ಆ ಪೋರ್ಟುಗಳಿಗೆ ಸೆಟಪ್ ಏಡ್ ಚುಚ್ಚಿ ರಿಲೇ ಮುಚ್ಚಿಸಿ. ಅದಕ್ಕೂ ಬಗ್ಗದಿದ್ದರೆ ಎರಡು ಎಂಎಯು ನಡುವಿನ ಒಂದು ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತುಬಿಡಿ. ಐಬಿಎಂ ಕನೆಕ್ಟರ್ ಖಾಲಿಯಾದಾಗ ತನ್ನೊಳಗೇ ಶಾರ್ಟ್ ಆಗಿ, ಸಿಗ್ನಲ್ ಉಳಿದ ಕೇಬಲಿನ ಬದಲಿ ತಂತಿ ಜೋಡಿಯಲ್ಲಿ ಹಿಂತಿರುಗುತ್ತದೆ. ರಿಂಗ್ ಎದ್ದು ನಿಂತರೆ ಕೈಯಲ್ಲಿರುವ ಕೇಬಲೇ ಕೆಟ್ಟದ್ದು.